ಹತ್ತನೇ ಸಹಿ

ಎರಡು ಗಂಟೆ ಐದು ನಿಮಿಷಕ್ಕೆ ಚುನಾವಣಾ ಕಚೇರಿಯ ಗುಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರಿಗೆ ನಿಂತಿದ್ದ ಬಾಟಲಿ ಅಕ್ಕ ಮೇಜಿನ ಕಡೆ ಬಾಗಿದಳು. ಹಿಂದಿನ ಏಳು ಚುನಾವಣೆಗಳಲ್ಲೂ ಆಕೆಯ ನಾಮಪತ್ರ ತೆಗೆದುಕೊಂಡವರು ಇವರೇ. ಒಂದು ಸಲವೂ ಕನ್ನಡಕ ತೆಗೆದವರಲ್ಲ.

"ಹತ್ತನೇ ಸಹಿ ನಡೆಯೋದಿಲ್ಲಮ್ಮ. ಇವರು ಬೆಳಗ್ಗೆ ಬಂದ ಕಾರ್ಖಾನೆ ಅಭ್ಯರ್ಥಿಯ ನಾಮಪತ್ರಕ್ಕೂ ಸೂಚಕರಾಗಿದ್ದಾರೆ. ಒಬ್ಬರು ಒಬ್ಬರಿಗೆ ಮಾತ್ರ. ಮೊದಲು ಬಂದಿದ್ದೇ ಲೆಕ್ಕಕ್ಕೆ."

"ಸ್ವಾಮಿ, ಇವರು ಅಂದ್ರೆ ನನ್ನ ತಮ್ಮ. ಒಡಹುಟ್ಟಿದವನು."

"ಕಾಗದಕ್ಕೆ ಅದೆಲ್ಲ ಗೊತ್ತಾಗಲ್ಲ. ಮೂರರೊಳಗೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ಮೂರು ಹೊಡೆದ್ರೆ ನಾನು ಬಾಗಿಲು ಹಾಕ್ಲೇಬೇಕು."

ಆಕೆಯ ಪಕ್ಷದ ಹೆಸರು ಹೊಳೆ ಪಕ್ಷ. ಕಚೇರಿ ಆಕೆಯ ಹೊಲಿಗೆ ಅಂಗಡಿಯೇ. ಬಡಾವಣೆಯಲ್ಲಿ ಪಕ್ಷಕ್ಕಿರುವ ಸದಸ್ಯರು ಸರಿಯಾಗಿ ಹತ್ತು ಮಂದಿ, ಬೇಕಾದ ಸೂಚಕರೂ ಹತ್ತೇ. ಹಾಗಾಗಿ ಯಾರಿಗಾದರೂ ಕೆಮ್ಮು ಬಂದರೂ ಬಾಟಲಿ ಅಕ್ಕ ಕಷಾಯ ಹಿಡಿದು ಓಡುತ್ತಿದ್ದಳು. ಊರವರು ನಗುತ್ತಿದ್ದರು. ನಗಲಿ ಬಿಡಿ, ನಗುವವರ ಮಕ್ಕಳ ಅಂಗಿಯೂ ಅವಳೇ ಹೊಲಿದದ್ದು.

ಇದೆಲ್ಲ ಶುರುವಾದದ್ದೂ ಅಂಗಿಯಿಂದಲೇ. ಇಪ್ಪತ್ತೆರಡು ವರ್ಷದ ಹಿಂದೆ ಶಾಲೆಯ ಸಮವಸ್ತ್ರಕ್ಕೆಂದು ಬಿಳಿ ಬಟ್ಟೆ ತಂದಿದ್ದಳು. ಹೊಲಿದ ಮೇಲೆ ಕುಗ್ಗಬಾರದೆಂದು ಕತ್ತರಿ ಹಾಕುವ ಮೊದಲು ನಲ್ಲಿ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟಳು. ಬೆಳಗ್ಗೆ ನೋಡಿದರೆ ಬಟ್ಟೆಯೆಲ್ಲ ಹಳದಿ. ಬಣ್ಣದ ಕಾರ್ಖಾನೆಯ ಕೊಳವೆ ಹೊಳೆಗೆ ಸೇರುವುದೂ, ಅದೇ ಹೊಳೆಯ ನೀರು ಊರಿನ ನಲ್ಲಿಗೆ ಬರುವುದೂ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ನಲವತ್ತು ಅಂಗಿಯ ಬಟ್ಟೆ ಹಾಳಾದದ್ದು ಆಕೆಯೊಬ್ಬಳಿಗೇ. ಅಂದಿನಿಂದ ಪ್ರತಿ ಸೋಮವಾರ ಒಂದು ಬಾಟಲಿ ಹೊಳೆ ನೀರು ಹಿಡಿದು ತಾರೀಖು ಬರೆಯುತ್ತಾಳೆ. ಶಾಲೆಯ ವಿಜ್ಞಾನದ ಮೇಷ್ಟ್ರು ಪರೀಕ್ಷೆ ಮಾಡಿ ಅಂಕಿ ಬರೆದುಕೊಡುತ್ತಾರೆ. ಗಂಡ ಬದುಕಿದ್ದಾಗ, "ಮನೇಲಿ ಉಪ್ಪಿನಕಾಯಿಗೆ ಜಾಗ ಇಲ್ಲ, ಕೊಳಚೆಗೆ ಕಪಾಟು" ಎಂದು ಗೊಣಗಿಕೊಂಡೇ ಹೊಸ ಹಲಗೆ ಹೊಡೆದುಕೊಡುತ್ತಿದ್ದ.

ಅರ್ಜಿಗಳು ಕಸದ ಬುಟ್ಟಿ ಸೇರಿದವು. ಕಾರ್ಖಾನೆಯ ಜಾಹೀರಾತು ಹಾಕುವ ಪತ್ರಿಕೆ ಆಕೆಯ ಮಾತು ಹಾಕಲಿಲ್ಲ. ಆಗ ಒಂದು ನಿಯಮ ಕಣ್ಣಿಗೆ ಬಿತ್ತು: ಅಭ್ಯರ್ಥಿಯಾದವರಿಗೆ ಊರಿನ ರೇಡಿಯೋದಲ್ಲಿ ನಾಲ್ಕು ನಿಮಿಷ, ನೇರ ಪ್ರಸಾರ, ಯಾರೂ ಕತ್ತರಿ ಹಾಕುವಂತಿಲ್ಲ. ಆಕೆ ಚುನಾವಣೆಗೆ ನಿಲ್ಲುತ್ತಿದ್ದದ್ದು ಆ ನಾಲ್ಕು ನಿಮಿಷಕ್ಕೆ. ಉಪಚುನಾವಣೆಯನ್ನೂ ಬಿಡದೆ ಏಳು ಸಲ ನಿಂತಳು, ಏಳು ಸಲ ಅಂಕಿ ಓದಿದಳು, ಏಳು ಸಲ ಠೇವಣಿ ಕಳೆದುಕೊಂಡಳು. ಈ ಸಲ ಮಾತ್ರ ತಪ್ಪಿಸುವ ಹಾಗಿರಲಿಲ್ಲ. ಕುಡಿಯುವ ನೀರು ಎತ್ತುವ ಜಾಗಕ್ಕಿಂತ ಮೇಲೆ ಎರಡನೇ ಕೊಳವೆ ಬಿಡಲು ಕಾರ್ಖಾನೆ ಅನುಮತಿ ಕೇಳಿತ್ತು. ಮುಂದಿನ ತಿಂಗಳು ಪುರಸಭೆಯ ಸದಸ್ಯರು ಅದಕ್ಕೆ ಕೈ ಎತ್ತುವವರಿದ್ದರು. ಅಷ್ಟರೊಳಗೆ ಊರಿನ ಕಿವಿಗೆ ಹಾಕಬೇಕೆಂದರೆ ಆ ನಾಲ್ಕು ನಿಮಿಷ ಬಿಟ್ಟರೆ ಬೇರೆ ದಾರಿ ಇಲ್ಲ.

ಕಚೇರಿಯ ಮೆಟ್ಟಿಲು ಇಳಿದವಳೇ ಕ್ಷೌರದಂಗಡಿಗೆ ನುಗ್ಗಿದಳು. ಕ್ಷೌರಿಕ ಗಿರಾಕಿಯ ಗಲ್ಲದ ಮೇಲೆ ಕತ್ತಿ ಹಿಡಿದುಕೊಂಡೇ, "ಮತ ಬೇಕಾದ್ರೆ ಹಾಕ್ತೀನಕ್ಕ, ಅದು ಗುಟ್ಟಾಗಿರತ್ತೆ. ಸಹಿ ಹಾಕಿದ್ರೆ ಹೆಸರು ಗೋಡೆ ಮೇಲೆ ಅಂಟಿಸ್ತಾರೆ. ನನ್ನ ಗಿರಾಕಿಗಳೆಲ್ಲ ಕಾರ್ಖಾನೆಯವರು" ಎಂದ. ಚಪ್ಪಲಿ ಹೊಲಿಯುವವನು ತಲೆ ಎತ್ತಲಿಲ್ಲ. ಔಷಧಿ ಅಂಗಡಿಯವಳು ಏನೋ ಹುಡುಕುವ ನೆಪದಲ್ಲಿ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಆಕೆಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಪಕ್ಕದ ಬೀದಿಯ ತಮ್ಮನ ಮನೆಯ ಬಾಗಿಲು ಬಡಿದಳು.

ಬಾಗಿಲು ತೆರೆದವಳು ತಮ್ಮನ ಹೆಂಡತಿ. ಅತ್ತಿಗೆಯ ಬಾಟಲಿಗಳ ಹೆಸರೆತ್ತಿದರೆ ಮೂಗು ಮುರಿಯುವವಳು.

"ಅವರು ಕಾರ್ಖಾನೇಲಿ ಶಿಫ್ಟಲ್ಲಿದ್ದಾರೆ ಅತ್ತಿಗೆ."

"ಅಕ್ಕನ ಕಾಗದಕ್ಕೂ ಸಹಿ, ಕಾರ್ಖಾನೆ ಅಭ್ಯರ್ಥಿಗೂ ಸಹಿ! ಅವನಿಗೆ ಮಾನ ಮರ್ಯಾದೆ ಇದೆಯೇನೇ?"

"ಮೇಸ್ತ್ರಿ ಎದುರಿಗೆ ನಿಂತು ಇಡೀ ಶಿಫ್ಟಿನವರ ಕೈಲಿ ಹಾಕಿಸಿದ್ರಂತೆ. ಆಗಲ್ಲ ಅನ್ನೋಕೆ ಅವರೇನು ನಿಮ್ಮ ಹಾಗೆ ಒಂಟಿನಾ? ಎರಡು ಮಕ್ಕಳಿವೆ."

ಮಾತು ಚುಚ್ಚಿತು. ಬಾಟಲಿ ಅಕ್ಕ ಗೋಡೆಗೆ ಒರಗಿದಳು. ಓಡಿ ಓಡಿ ಗಂಟಲು ಒಣಗಿತ್ತು. "ಒಂದು ಲೋಟ ನೀರಾದ್ರೂ ಕೊಡು" ಎಂದಳು.

ನಾದಿನಿ ಅಡುಗೆಮನೆಗೆ ಹೋಗಿ ಲೋಟವನ್ನು ನಲ್ಲಿಯ ಕೆಳಗೆ ಹಿಡಿದಳು. ಆದರೆ ನಲ್ಲಿ ತಿರುಗಿಸಲಿಲ್ಲ. ಹಾಗೇ ನಿಂತಳು. ಆಮೇಲೆ ಲೋಟ ಇಟ್ಟು, ಕಟ್ಟೆಯ ಕೆಳಗಿನ ಪರದೆ ಸರಿಸಿ, ಒಂದು ನೀರಿನ ಕ್ಯಾನನ್ನು ಎರಡೂ ಕೈಯಿಂದ ಎಳೆದಳು. ಕ್ಯಾನಿನ ಮೇಲೆ ಕಾರ್ಖಾನೆಯ ಮುದ್ರೆ ಇತ್ತು.

"ಇದನ್ನ ಕುಡೀರಿ" ಎಂದಳು. "ಮೂರು ವರ್ಷದಿಂದ ವಾರಕ್ಕೆ ಎರಡು ಕೊಡ್ತಾರೆ. ನಲ್ಲಿ ನೀರು ಕುಡೀಬೇಡಿ, ಯಾರಿಗೂ ಹೇಳ್ಬೇಡಿ, ಹೊರಗಿನವರಿಗೆ ಕೊಡ್ಬೇಡಿ ಅಂದಿದ್ದಾರೆ. ನೀವು ಬಂದಾಗೆಲ್ಲ ನಮ್ಮ ಟೀ ಇದರಲ್ಲಿ ಮಾಡಿ ನಿಮ್ಮದನ್ನ ನಲ್ಲಿ ನೀರಲ್ಲಿ ಮಾಡ್ತಿದ್ದೆ."

ಬಾಟಲಿ ಅಕ್ಕನಿಗೆ ಆ ಪುಟ್ಟ ಪಾತ್ರೆ ನೆನಪಾಯಿತು. ತನ್ನ ಟೀ ಯಾವಾಗಲೂ ಅದರಲ್ಲೇ ಕುದಿಯುತ್ತಿತ್ತು. ತನಗೆ ಸಕ್ಕರೆ ಕಮ್ಮಿ ಬೇಕೆಂದು ಪಾಪ ಬೇರೆ ಮಾಡುತ್ತಾಳೆ ಎಂದುಕೊಂಡಿದ್ದಳು. ತಾನು ಬಾಟಲಿ ಹೊತ್ತು ಸತ್ತರೂ ಸಿಗದ ಸಾಕ್ಷಿ ತಮ್ಮನ ಮನೆಯ ಪರದೆಯ ಹಿಂದಿತ್ತು. ಬೈಯಲು ಬಾಯಿ ತೆರೆದಳು.

ನಾದಿನಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ನಡೀರಿ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ."

"ಅವನ ಕೆಲಸ ಹೋಗತ್ತೆ ಕಣೇ."

"ಸಹಿಗೇ ಹೋಗೋ ಕೆಲಸ. ಹಾಗಿದ್ಮೇಲೆ ರೇಡಿಯೋದಲ್ಲಿ ಕ್ಯಾನಿನ ವಿಷಯಾನೂ ಹೇಳಿಬಿಡಿ. ಹೋಗೋದಾದ್ರೆ ಸರಿಯಾದ್ದಕ್ಕೇ ಹೋಗ್ಲಿ. ಬೇಗ ನಡೀರಿ, ನಿಂತ್ರೆ ನನಗೆ ಧೈರ್ಯ ಉಳಿಯಲ್ಲ."

ಇಬ್ಬರೂ ಓಡಿದರು. ಗುಮಾಸ್ತರು ಒಂದು ಬಾಗಿಲು ಹಾಕಿ ಇನ್ನೊಂದರ ಮೇಲೆ ಕೈಯಿಟ್ಟಿದ್ದರು. ಮೂರಕ್ಕೆ ಇನ್ನೂ ಎರಡು ನಿಮಿಷವಿತ್ತು. ನಾದಿನಿ ಸಹಿ ಹಾಕುವಾಗ ಪೆನ್ನು ಕಾಗದದಲ್ಲಿ ಒಂದು ತೂತು ಮಾಡಿತು. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಡೆಯತ್ತೆ" ಎಂದು ಕನ್ನಡಕ ಹಾಕಿಕೊಂಡರು.

ಎಂಟನೇ ಸಲ ರೇಡಿಯೋದ ಮೈಕಿನ ಮುಂದೆ ಕೂತಾಗ ಬಾಟಲಿ ಅಕ್ಕ ಅಂಕಿಯ ಪುಸ್ತಕ ತೆರೆಯಲಿಲ್ಲ. ಕ್ಯಾನಿನ ಕಥೆ ಹೇಳಿದಳು, ಟೀ ಪಾತ್ರೆಯ ಕಥೆ ಹೇಳಿದಳು. ಮಾರನೇ ದಿನ ಕಾರ್ಖಾನೆಯ ಗೇಟಿನ ಮುಂದೆ ಊರಿನ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿದ್ದರು, "ನಮಗೂ ಕೊಡಿ ಆ ನೀರು" ಎಂದು. ಎರಡನೇ ಕೊಳವೆಯ ಮಾತನ್ನು ಪುರಸಭೆ ಸದ್ಯಕ್ಕೆ ಮುಂದೂಡಿತು. ಮೊದಲನೆಯದು ಹರಿಯುತ್ತಲೇ ಇದೆ. ಚುನಾವಣೆಯಲ್ಲಿ ಆಕೆ ಸೋತಳು, ಅದರಲ್ಲಿ ಹೊಸದೇನಿಲ್ಲ.

ವಾರದೊಳಗೆ ತಮ್ಮನನ್ನು ಕೆಲಸದಿಂದ ತೆಗೆದರು. ಈಗ ಮರದ ಡಿಪೋದಲ್ಲಿ ದಿಮ್ಮಿ ಇಳಿಸುತ್ತಾನೆ. ಅಕ್ಕ ಬಂದರೆ ಎದ್ದು ಹಿತ್ತಿಲಿಗೆ ಹೋಗುತ್ತಾನೆ. ಆಕೆಗೆ ಅದು ನೋಯುತ್ತದೆ, ಆದರೂ ಹೋಗುವುದನ್ನು ಬಿಟ್ಟಿಲ್ಲ.

ಮೊನ್ನೆ ಹೋದಾಗ ನಾದಿನಿ ಟೀ ಮಾಡಿದಳು. ಪುಟ್ಟ ಪಾತ್ರೆ ಮೊಳೆಗೆ ನೇತಾಡುತ್ತಿತ್ತು. ಕಟ್ಟೆಯ ಕೆಳಗೆ ಪರದೆಯೂ ಇರಲಿಲ್ಲ, ಕ್ಯಾನೂ ಇರಲಿಲ್ಲ. ದೊಡ್ಡ ಪಾತ್ರೆಯಲ್ಲಿ ನಲ್ಲಿ ನೀರು ಹಿಡಿದು ಎಲ್ಲರಿಗೂ ಒಟ್ಟಿಗೇ ಕುದಿಸಿದಳು. ಮಕ್ಕಳಿಬ್ಬರೂ ತಮ್ಮ ಲೋಟ ಎತ್ತಿ ಗಟಗಟ ಕುಡಿದರು. ಬಾಟಲಿ ಅಕ್ಕ ತನ್ನ ಲೋಟ ಹಿಡಿದುಕೊಂಡು ಅವರನ್ನೇ ನೋಡುತ್ತ ಕೂತಳು.

"ಮುಂದಿನ ಸಲಕ್ಕೂ ನನ್ನ ಹೆಸರು ಬರ್ಕೊಳ್ಳಿ ಅತ್ತಿಗೆ. ಮೊದಲನೇ ಸಹಿಗೆ" ಎಂದಳು ನಾದಿನಿ.