ವರ್ಷಕ್ಕೊಂದು ಪಟ

ಹೋದ ವಾರ ತರೀಕೆರೆಯ ನಮ್ಮ ಮನೆ ಹಿತ್ತಿಲಲ್ಲಿ ಬಡಗಿಯೊಬ್ಬ ಮುರಿದ ಮಂಚದ ಕಾಲು ಕೂಡಿಸಲು ವಜ್ರ ಕುದಿಸುತ್ತಿದ್ದ. ವಜ್ರವೆಂದರೆ ಹರಳಲ್ಲ, ಮರ ಅಂಟಿಸುವ ಅಂಟು. ಚರ್ಮ, ಮೂಳೆ ಬೇಯಿಸಿ ಮಾಡುವಂಥದು. ಅದರ ವಾಸನೆಗೆ ಸೊಸೆ ಮೂಗಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ. ಬೀರೂರಿನ ಕೊಬ್ಬರಿ ಮಂಡಿಯ ಉಗ್ರಾಣ, ಗೋಡೆಯುದ್ದಕ್ಕೂ ಇಳಿಬಿಟ್ಟ ನಾಟಕದ ಪರದೆ, ಮೂರು ಕಲ್ಲಿನ ಒಲೆ ಮೇಲೆ ಇದೇ ವಾಸನೆ, ಬಾಗಿಲಲ್ಲಿ ನಿಂತ ದೊಡ್ಡಮ್ಮ…

ದೊಡ್ಡಮ್ಮ ಅಂದರೆ ನಮಗೆ ರಕ್ತ ಸಂಬಂಧವೇನೂ ಅಲ್ಲ. ಎರಡೂ ಮನೆಗೆ ನಡುವಿನ ಗೋಡೆ ಒಂದೇ ಇತ್ತು, ಅಷ್ಟೇ. ಅವರ ಗಂಡನಿಗೆ ಕೊಬ್ಬರಿ ಮಂಡಿ. ಅವರನ್ನು ದೊಡ್ಡಪ್ಪ ಅನ್ನುತ್ತಿದ್ದೆ. ಬೀರೂರಿಗೆ ರೈಲಿನಲ್ಲಿ ನಾಟಕದ ಕಂಪನಿಗಳು ಬಂದಿಳಿಯುತ್ತಿದ್ದ ಕಾಲ ಅದು. ಅರಮನೆ, ಕಾಡು, ಬೀದಿ ಎಲ್ಲ ಪರದೆ ಮೇಲೆ ಬರೆಯುವವನೊಬ್ಬ ಕಂಪನಿಯ ಜೊತೆಗೇ ಇರುತ್ತಿದ್ದ. ಬಣ್ಣ ಕಲಸಲು ಅವನೂ ಇದೇ ವಜ್ರ ಕುದಿಸುತ್ತಿದ್ದ. ಪರದೆ ಹರವಲು ಉದ್ದನೆಯ ಗೋಡೆ ಬೇಕಲ್ಲ, ದೊಡ್ಡಪ್ಪ ಉಗ್ರಾಣದ ಒಂದು ಮಗ್ಗುಲು ಖಾಲಿ ಮಾಡಿಸಿ ಕೊಡುತ್ತಿದ್ದರು. ಊಟ ಅವರ ಮನೆಯಲ್ಲೇ.

ಅವರಿಗೆ ಒಬ್ಬನೇ ಮಗ. ನಾನು ಹುಟ್ಟಿದ ತಿಂಗಳೇ ಹುಟ್ಟಿದವನು. ಇಬ್ಬರನ್ನೂ ಒಂದೇ ತೊಟ್ಟಿಲಲ್ಲಿ ಮಲಗಿಸುತ್ತಿದ್ದರಂತೆ. ಅವನಿಗೆ ನಾಲ್ಕು ವರ್ಷವಿದ್ದಾಗ ಪರದೆಯವನೊಬ್ಬ ಬಣ್ಣ ಒಣಗಲಿ ಎಂದು ಕಾದು ಕೂತವನು, ಕೈ ಸುಮ್ಮನಿರಲಾರದೆ, ನಾಟಕದ ಹ್ಯಾಂಡ್‌ಬಿಲ್ಲಿನ ಬೆನ್ನಿಗೆ ಸೀಸದ ಕಡ್ಡಿಯಲ್ಲಿ ಅವನನ್ನು ಬರೆದುಕೊಟ್ಟ. ತೆಂಗಿನಕಾಯಿ ರಾಶಿಯ ಮೇಲೆ ಕೂತಿದ್ದಾನೆ, ಬಿಸಿಲಿಗೆ ಹುಬ್ಬು ಗಂಟಿಕ್ಕಿದ್ದಾನೆ, ಎಡಗಿವಿ ಸ್ವಲ್ಪ ಚಾಚಿಕೊಂಡಿದೆ. ದೊಡ್ಡಮ್ಮನಿಗೆ ಆವತ್ತು ಅದೇನೂ ದೊಡ್ಡದಾಗಿ ಕಾಣಲಿಲ್ಲವಂತೆ. "ಬಣ್ಣ ಇಲ್ಲ, ಏನಿಲ್ಲ" ಎಂದು ಗೋಡೆಯ ಗೂಡಿನಲ್ಲಿ ಸಿಕ್ಕಿಸಿದರಂತೆ.

ಆ ವರ್ಷವೇ ಊರಲ್ಲಿ ಇಲಿ ಬಿದ್ದವು. ಪ್ಲೇಗಿಗೆ ಹೆದರಿ ಎಲ್ಲರೂ ಮನೆ ಬಿಟ್ಟು ಊರಾಚೆ ತಡಿಕೆಯ ಗುಡಿಸಲು ಹಾಕಿಕೊಂಡೆವು. ನಾವು ವಾಪಸು ಬಂದೆವು. ಅವನು ಬರಲಿಲ್ಲ. ನನಗೆ ತಡಿಕೆಯ ಸಂದಿಯಿಂದ ಬೀಳುತ್ತಿದ್ದ ಬಿಸಿಲು ನೆನಪಿದೆ, ಮತ್ತೇನೂ ಇಲ್ಲ.

ಮುಂದಿನ ಕಂಪನಿ ಬಂದಾಗ ದೊಡ್ಡಮ್ಮ ಆ ಹ್ಯಾಂಡ್‌ಬಿಲ್ಲು ತೆಗೆದುಕೊಂಡು ಹೊಸ ಪರದೆಯವನ ಮುಂದೆ ನಿಂತರು.

"ಇವನಿಗೆ ಈಗ ಐದು ವರ್ಷ ಕಣಪ್ಪ. ಹಂಗೆ ಬರ್ದುಕೊಡು."

"ಹುಡುಗನ್ನ ಕರೀರಿ ತಾಯಿ, ನೋಡಿ ಬರೀತೀನಿ."

"ಅವನಿಲ್ಲ. ನೀನು ಬರಿ."

ಆಮೇಲೆ ನನ್ನನ್ನು ಕರೆದು ಉಗ್ರಾಣದ ಕಂಬಕ್ಕೆ ಒರಗಿಸಿ ನಿಲ್ಲಿಸಿದರು. "ಎತ್ತರ ಇಷ್ಟು. ಎರಡು ಬೆರಳು ಜಾಸ್ತಿ ಇಡು, ಗಂಡುಡುಗ" ಎಂದರು. ಅಲ್ಲಿಂದ ವರ್ಷಕ್ಕೊಂದು ಪಟ. ಬೀದಿಯವರು ಹಿಂದಿನಿಂದ ಆಡಿಕೊಂಡರು, ಮುಂದೆ ಯಾರೂ ಏನೂ ಅನ್ನಲಿಲ್ಲ. ನಮ್ಮಮ್ಮನೂ "ಬ್ಯಾಡ ಅಂತ ಹೆಂಗನ್ನಾದು, ನಿಂತ್ಕಂಡು ಬಾ ಹೋಗು" ಎಂದು ಕಳಿಸುತ್ತಿದ್ದಳು.

ಬರೆದವರು ಎಂಥೆಂಥವರೋ. ಒಬ್ಬ ಅವನಿಗೆ ಜರಿಯ ಟೋಪಿ ಹಾಕಿದ, ಇನ್ನೊಬ್ಬ ಕೈಗೆ ಗುಲಾಬಿ ಕೊಟ್ಟ. ದೊಡ್ಡಮ್ಮನಿಗೆ ಬಣ್ಣದ ಬೆಡಗು ಬೇಕಿರಲಿಲ್ಲ. ಪಟವನ್ನು ಗೋಡೆಗಾನಿಸಿ, ಹಿಂದೆ ಸರಿದು ನೋಡಿ, ಒಪ್ಪಿಗೆಯಾದರೆ ಪೆಟ್ಟಿಗೆಗೆ. ಇಲ್ಲವಾದರೆ, "ಇವನ್ಯಾರೋ ಬ್ಯಾರೆಯೋರ ಮಗ ಕಣಪ್ಪ" ಎಂದು ಹೊಟ್ಟೆ ತುಂಬ ಊಟ ಹಾಕಿ, ಪಟವನ್ನು ಅವನ ಕೈಗೇ ವಾಪಸು ಕೊಟ್ಟು ಕಳಿಸುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ದೊಡ್ಡಪ್ಪನ ಪರಿಚಯದ ಸಾಹುಕಾರರೊಬ್ಬರು ಮೈಸೂರು ಕಡೆಯಿಂದ ಬಂದರು. ಅವರಿಗೆ ಪಟ ಕೂಡಿಹಾಕುವ ಹುಚ್ಚು. ದೊಡ್ಡಪ್ಪ ಹೆಮ್ಮೆಯಿಂದ ಪೆಟ್ಟಿಗೆ ತೆಗೆಸಿ ಎಲ್ಲವನ್ನೂ ಚಾಪೆಯ ಮೇಲೆ ಹರಡಿದರು. ಸಾಹುಕಾರರು ಬಣ್ಣದ ಪಟಗಳನ್ನೆಲ್ಲ ಬೆರಳ ತುದಿಯಲ್ಲಿ ಸರಿಸಿ ಹ್ಯಾಂಡ್‌ಬಿಲ್ಲಿಗೆ ಬಂದು ನಿಂತರು. ಅದನ್ನು ಕಿಟಕಿಯ ಬೆಳಕಿಗೆ ಒಯ್ದು ಮೂಲೆಯ ಸಹಿ ನೋಡಿದರು. ಬರೆದವನು ಆ ಹೊತ್ತಿಗೆ ದೊಡ್ಡವರ ಮನೆಗಳಲ್ಲಿ ಹೆಸರಾಗಿಬಿಟ್ಟಿದ್ದನಂತೆ.

"ಮಿಕ್ಕಿದ್ದೆಲ್ಲ ಸುಮ್ನೆ. ಪಟ ಅಂದ್ರೆ ಇದೊಂದೇ" ಎಂದರು. ಹುಡುಗ ಯಾರೆಂದು ಕೇಳಲಿಲ್ಲ.

ದೊಡ್ಡಪ್ಪ ಅಡುಗೆಮನೆಯ ಕಡೆ ತಿರುಗಿ "ಏನೇ, ಕೊಡಾಣ?" ಎಂದರು. ದೊಡ್ಡಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದರು, ನಾನು ಅವರ ಪಕ್ಕದಲ್ಲಿದ್ದೆ. ಪರಊರಿನ ಗಂಡಸರ ಮುಂದೆ ಹೆಂಗಸರು ಬಾಯಿ ಬಿಡುವ ರೂಢಿ ಇರಲಿಲ್ಲ. ಅವರು ಸೆರಗು ಎಳೆದುಕೊಂಡು, ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮೌನ ಸಮ್ಮತಿ ಅನ್ನುವುದು ಗಂಡಸರಿಗೆ ಬಲು ಅನುಕೂಲದ ಗಾದೆ. ಹ್ಯಾಂಡ್‌ಬಿಲ್ಲು ಹೋಯಿತು. ದೊಡ್ಡಪ್ಪ ಕೆಟ್ಟವರಲ್ಲ. "ಅದನ್ನ ನೋಡ್ತಾ ಇವಳು ಊಟ ಬಿಡ್ತಾಳೆ, ಕಣ್ಮರೆ ಆದ್ರೆ ಒಳ್ಳೇದು" ಎಂದು ಆಮೇಲೆ ನಮ್ಮಪ್ಪನ ಹತ್ತಿರ ಹೇಳಿದ್ದರಂತೆ. ಇದ್ದರೂ ಇರಬಹುದು.

ಸಾಹುಕಾರರೂ ದೊಡ್ಡ ಮನಸ್ಸಿನವರೇ. ಬದಲಿಗೆ ರೈಲಿನಲ್ಲಿ ಒಂದು ಅಚ್ಚಿನ ಪಟ ಕಳಿಸಿದರು: ಶಿವ, ಪಾರ್ವತಿ, ಪಾರ್ವತಿಯ ಮಡಿಲಲ್ಲಿ ಮಗು ಗಣಪತಿ. ಚಿನ್ನದ ಬಣ್ಣದ ಕಟ್ಟು, ಮೇಲೆ ಗಾಜು. ಬೀದಿಗೆ ಬೀದಿಯೇ ನೋಡಲು ಬಂತು. ಹರಕು ಕಾಗದಕ್ಕೆ ಕೈಲಾಸವೇ ಬಂತು ಎಂದು ಎಲ್ಲರೂ ಹೊಗಳಿದರು. ದೊಡ್ಡಮ್ಮ ಪಟಕ್ಕೆ ವಿಭೂತಿ ಹಚ್ಚಿ ಹೂವಿಟ್ಟರು. ಅಳಲಿಲ್ಲ. "ಆ ತಾಯಿ ಮಗ ಆ ತಾಯಿ ಮಡಿಲಲ್ಲೇ ಅವ್ನೆ ಬಿಡು" ಎಂದರು, ಮಜ್ಜಿಗೆ ಹುಳಿಯಾಗಿದೆ ಅನ್ನುವಂಥ ದನಿಯಲ್ಲಿ.

ಅಲ್ಲಿಂದ ಮುಂದೆ ಬಂದ ಪರದೆಯವರಿಗೆ ನೋಡಿ ಬರೆಯಲು ಏನೂ ಇರಲಿಲ್ಲ. ದೊಡ್ಡಮ್ಮ ಬಾಯಲ್ಲಿ ಹೇಳಬೇಕು. ಪೆಟ್ಟಿಗೆಯ ಹಳೇ ಪಟಗಳನ್ನು ತೋರಿಸಲು ಯಾಕೋ ಒಪ್ಪಲಿಲ್ಲ. ನನ್ನನ್ನು ಕಂಬಕ್ಕೆ ನಿಲ್ಲಿಸಿ, ನನ್ನನ್ನೇ ನೋಡುತ್ತ ಹುಬ್ಬು ಹಿಂಗೆ, ಗಲ್ಲ ಹಿಂಗೆ ಎನ್ನುತ್ತಿದ್ದರು. ಬರೆದದ್ದೆಲ್ಲ ಬೇರೆಯವರ ಮಕ್ಕಳೇ ಆಗುತ್ತಿದ್ದವು. ವರ್ಷ ವರ್ಷವೂ ಊಟ ಹಾಕಿ ವಾಪಸು.

ತರೀಕೆರೆಗೆ ನನ್ನ ಲಗ್ನ ಗೊತ್ತಾದ ವರ್ಷ ಬಂದವನು ವಯಸ್ಸಾದ ಮನುಷ್ಯ, ಮಾತು ಕಡಿಮೆ. ಹುಡುಗನಿಗೆ ಕೋಟು, ರುಮಾಲು ತೊಡಿಸಿ, ಕೈಗೊಂದು ಕೊಡೆ ಕೊಟ್ಟ. ನಿಂತಂತೆ ಬರೆದ. ದೊಡ್ಡಮ್ಮ ಹಿಂದೆ ಸರಿದು ನೋಡಿದರು, ಇನ್ನೂ ಹಿಂದೆ ಸರಿದರು. ನನ್ನ ಕೈ ಹಿಡಿದುಕೊಂಡರು.

"ಇವನೇ ಕಣೇ. ಈಗ ಬಂದ ನೋಡು."

ನಾನು ನೋಡಿದೆ. ರುಮಾಲು ಸುತ್ತಿಕೊಂಡು ಎರಡು ಬೆರಳು ಎತ್ತರ ನಿಂತಿದ್ದವಳು ನಾನು.

ಬೀದಿಯಲ್ಲಿ ಎಲ್ಲರಿಗೂ ಕಂಡಿತು, ದೊಡ್ಡಮ್ಮನಿಗೊಬ್ಬರಿಗೆ ಬಿಟ್ಟು. ಮಾರನೇ ದಿನ ನಮ್ಮಮ್ಮ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ಸುತ್ತಿ ಬಳಸಿ ಮಾತಾಡಿ ಕೊನೆಗೆ ಹೇಳಿಯೇಬಿಟ್ಟಳು.

"ಅಕ್ಕಾ, ಲಗ್ನಕ್ಕೆ ಕೂತಿರೋ ಹುಡುಗಿ ಮುಖ… ಸತ್ತೋರ ಪಟದಾಗೆ ಇರಬಾರ್ದು ಕಣಕ್ಕ."

ಸತ್ತ ಅನ್ನುವ ಮಾತನ್ನು ಅಷ್ಟು ವರ್ಷದಲ್ಲಿ ಅವರೆದುರು ಯಾರೂ ಆಡಿರಲಿಲ್ಲ. ದೊಡ್ಡಮ್ಮ ಪಟ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪಟ ನೋಡಿದರು. ಆಮೇಲೆ ಅದನ್ನು ಸುರುಳಿ ಸುತ್ತಿ ಅಮ್ಮನ ಕೈಗಿಟ್ಟರು.

"ತಗಳವ್ವ. ನಿನ್ನ ಮಗಳು ನಿನಗೆ."

ಅಮ್ಮ ಅದನ್ನು ಬಚ್ಚಲ ಒಲೆಗೆ ಹಾಕಿದಳು. ನನಗೆ ಏನೂ ಅನ್ನಿಸಲಿಲ್ಲ. ನೀರು ಕಾಯಿತು, ಸ್ನಾನ ಮಾಡಿದೆ.

ಆಮೇಲೆಯೂ ಕಂಪನಿಗಳು ಬಂದವು, ಪರದೆಯವರಿಗೆ ಆ ಮನೆಯಲ್ಲಿ ಊಟ ತಪ್ಪಲಿಲ್ಲ. ಪಟ ಮಾತ್ರ ದೊಡ್ಡಮ್ಮ ಯಾರನ್ನೂ ಕೇಳಲಿಲ್ಲ. ಗಂಡನ ಮನೆಗೆ ಹೊರಟ ದಿನ ನನಗೆ ಮಡಿಲು ತುಂಬಿದವರು ಅವರೇ. ರೈಲಿಗೆ ಇನ್ನೂ ಹೊತ್ತಿತ್ತು. ಪಕ್ಕಕ್ಕೆ ಕರೆದು ಕೇಳಿದರು.

"ನಿಂಗಾದ್ರೂ ನೆನಪೈತೇನೇ, ಅವನ ಮುಖ?"

"ಇಲ್ಲ ದೊಡ್ಡಮ್ಮ."

"ನಂಗೂ ಹೋಯ್ತು ಕಣೇ. ಕಣ್ಮುಚ್ಚಿದ್ರೆ ನೀನೇ ಬತ್ತೀಯ."

ನಾನು ರೈಲು ಹತ್ತಿದೆ.

ದೊಡ್ಡಮ್ಮ ಹೋಗಿ ಎಷ್ಟೋ ವರ್ಷವಾಯಿತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಪೆಟ್ಟಿಗೆಯಲ್ಲಿದ್ದ ಪಟಗಳು ಏನಾದವೆಂದು ನಾನೂ ಕೇಳಲಿಲ್ಲ. ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತದೆ, ಅದೂ ಅಷ್ಟೇನಿಲ್ಲ. ಆ ಹ್ಯಾಂಡ್‌ಬಿಲ್ಲು ಮಾತ್ರ ಸಾಹುಕಾರರ ಮೊಮ್ಮಕ್ಕಳ ಮನೆಯಲ್ಲಿ ಗಾಜಿನೊಳಗೆ ಚೆನ್ನಾಗಿಯೇ ಇರಬೇಕು. ಬೆಲೆಯುಳ್ಳದ್ದನ್ನು ಯಾರೂ ಹಾಳು ಮಾಡುವುದಿಲ್ಲ. ಕೆಳಗೆ ಬರೆದವನ ಹೆಸರು ಇರುತ್ತದೆ. ಹುಡುಗನ ಹೆಸರು ಗೊತ್ತಿರುವವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಬಡಗಿ ಹೋದ ಮೇಲೆ ಹಿತ್ತಿಲಲ್ಲಿ ಕೂತು ಒಂದು ಸಲ ಆ ಹೆಸರು ಹಿಡಿದು ಕರೆದೆ. ಸೊಸೆ ಒಳಗಿನಿಂದ "ಯಾರನ್ನ ಕರೆದ್ರಿ ಅತ್ತೆ?" ಎಂದಳು.

ಏನು ಹೇಳಲಿ… ಕಣ್ಣು ಮುಚ್ಚಿದೆ. ನನಗೂ ನಾನೇ ಬಂದೆ.