ಮಾವ ಕಟ್ಟಿದ ಬಲ್ಬಿನ ಸಾಲು

ನಮ್ಮ ಮಾವನಿಗೆ ಬಲ್ಬು ಸುಟ್ಟುಹೋಯಿತು ಅಂದರೆ ಮನೆಯಲ್ಲಿ ಸಾವಾದಷ್ಟು ಸಂಕಟ. ಅಕ್ಕಿಹೆಬ್ಬಾಳಿನಲ್ಲಿ ನಮ್ಮದು ಲೈನಿನ ಕೊನೇ ಮನೆ. ಪಂಪ್‌ಸೆಟ್ಟುಗಳೆಲ್ಲ ನಿಂತ ಹೊತ್ತಿಗೆ ಕರೆಂಟು ಜಾಸ್ತಿ ನುಗ್ಗಿ ಬಲ್ಬು ಫಟ್ಟಂತ ಹೋಗಿಬಿಡುತ್ತಿತ್ತು. ಅದಕ್ಕೇ ಮಾವ ದನದ ಕೊಟ್ಟಿಗೆಯಲ್ಲಿ ಎರಡು ಬಲ್ಬನ್ನು ಒಂದೇ ವೈರಿನಲ್ಲಿ ಒಂದರ ಹಿಂದೆ ಒಂದು ಕಟ್ಟಿದ್ದರು. ಬರೋ ಕರೆಂಟನ್ನ ಎರಡೂ ಹಂಚಿಕೊಳ್ಳುತ್ತವೆ, ಯಾವುದೂ ಸುಡುವುದಿಲ್ಲ. ವರ್ಷಗಟ್ಟಲೆ ಸುಡಲೂ ಇಲ್ಲ. ಬೆಳಕೂ ಬರಲಿಲ್ಲ, ಅದು ಬೇರೆ ಮಾತು. ಅತ್ತೆ ಕೆಚ್ಚಲು ತಡವಿಕೊಂಡೇ ಹಾಲು ಕರೆಯುತ್ತಿದ್ದರು. ಊರಲ್ಲಿ ಸುಮಾರು ಕೊಟ್ಟಿಗೆಗಳಲ್ಲಿ ಹೀಗೇ.

ಆ ಚಳಿಗಾಲದಲ್ಲಿ ನಾನು ಹಠ ಹಿಡಿದು ಕೆ.ಆರ್.ಪೇಟೆಯಿಂದ ನಾಟಿ ಕೋಳಿಮರಿ ತಂದೆ. ನನ್ನದು ಅಂತ ಒಂದು ಕೆಲಸ ಬೇಕಿತ್ತು ನನಗೆ. ಬೆಳಗಾದರೆ ಮುದ್ದೆ, ಸಂಜೆಯಾದರೆ ಮುದ್ದೆ, ನಡುವೆ ಸಗಣಿ. ಸಾಕಾಗಿತ್ತು. ಅತ್ತೆ ಬೇಡವೆನ್ನಲಿಲ್ಲ, ಆದರೆ ಖಡಕ್ಕಾಗಿ ಹೇಳಿದರು: “ಈ ಮರಿ ಸತ್ತೋದ್ರೆ, ಇನ್ ಈ ಮನೇಲಿ ಕೋಳಿ ಅನ್ನೋ ಮಾತು ಎತ್ಬಾರ್ದು ನೀನು.” ಆಯಿತು ಅಂದೆ. ಕೊಟ್ಟಿಗೆಯ ಒಂದು ಮೂಲೆಗೆ ತಗಡು ಸುತ್ತಿ, ಭತ್ತದ ಹೊಟ್ಟು ಹರಡಿದೆ. ತಾಯಿಯಿಲ್ಲದ ಮರಿಗಳಿಗೆ ಮೊದಲ ವಾರಗಳಲ್ಲಿ ಬಲ್ಬಿನ ಕಾವೇ ತಾಯಿ. ಎಲ್‌ಇಡಿ ಕಾವು ಕೊಡುವುದಿಲ್ಲ ಅಂತ ಹುಡುಕಿ ಹುಡುಕಿ ಹಳೇ ನಮೂನೆಯ ಹಳದಿ ಬಲ್ಬುಗಳನ್ನೇ ತಂದಿದ್ದೆ. ನಾಲ್ಕು ಬಲ್ಬು ಕಟ್ಟುವ ಕೆಲಸವನ್ನು ಮಾವ ತಾವೇ ವಹಿಸಿಕೊಂಡರು. ಅವತ್ತು ಮಧ್ಯಾಹ್ನ ಒಳ್ಳೇ ಬಿಸಿಲು. ಮರಿಗಳು ಓಡಾಡಿಕೊಂಡು ನುಚ್ಚು ತಿನ್ನುತ್ತಿದ್ದವು. ನಾನು ಬಲ್ಬಿನ ಕಡೆ ಸರಿಯಾಗಿ ನೋಡಲೂ ಇಲ್ಲ.

ಮರುದಿನ ಬೆಳಗಿನ ಜಾವ ಹೇಮಾವತಿಯ ಕಡೆಯಿಂದ ಮಂಜು ಮನೆ ಬಾಗಿಲಿಗೇ ಬಂದು ನಿಂತಿತ್ತು. ಅತ್ತೆ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋದರು. ಗಂಡ ಕಬ್ಬಿನ ಲೋಡು ತಗೊಂಡು ಪಾಂಡವಪುರಕ್ಕೆ ಹೋಗಿ ಇನ್ನೂ ಬಂದಿರಲಿಲ್ಲ. ನಾನು ಒಲೆ ಹಚ್ಚುತ್ತಿದ್ದೆ. ಕೊಟ್ಟಿಗೆಯಿಂದ ಕೀರಲು ದನಿ. ಹಸಿದ ಕೂಗಲ್ಲ ಅದು. ಓಡಿದೆ.

ಮರಿಗಳೆಲ್ಲ ಒಂದರ ಮೇಲೊಂದು ಹತ್ತಿ ಗುಡ್ಡೆಯಾಗಿದ್ದವು. ಚಳಿಗೆ ಹೀಗೆ ಮಾಡಿದರೆ ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ. ಮೇಲೆ ನೋಡಿದರೆ ನಾಲ್ಕು ಬಲ್ಬೂ ಬೀಡಿ ತುದಿಯಂಗೆ ಕೆಂಪಗಿವೆ. ಕೈ ಇಟ್ಟರೆ ಕಾವೇ ಇಲ್ಲ.

“ಮಾವ! ಬೇಗ ಬನ್ನಿ! ಮರಿ ಸಾಯ್ತಾವೆ!”

ಮಾವ ಕಂಬಳಿ ಹೊದ್ದೇ ಬಂದರು. ನೋಡಿದರು. “ಕಾವು ಸಾಲ್ದು ಕಣವ್ವ. ತಡಿ, ಇನ್ನೊಂದು ಬಲ್ಬು ಆಕ್ಬುಡ್ತೀನಿ,” ಅಂದರು. ಸ್ವಿಚ್ಚು ಆರಿಸಿ, ಅದೇ ವೈರು ಕತ್ತರಿಸಿ ಐದನೇ ಬಲ್ಬು ಸೇರಿಸಿದರು. ಮತ್ತೆ ಸ್ವಿಚ್ಚು ಹಾಕಿದರೆ, ಅಯ್ಯೋ, ಐದೂ ಇನ್ನೂ ಮಂಕು!

“ಕರೆಂಟೇ ಕಮ್ಮಿ ಐತೆ ಇವತ್ತು,” ಅಂದರು ಮಾವ.

ಜಗಲಿಯ ಕಡೆ ತಿರುಗಿದೆ. ಅಲ್ಲೂ ಅದೇ ನಮೂನೆಯ ಹಳದಿ ಬಲ್ಬು, ಧಗಧಗ ಉರಿಯುತ್ತಿತ್ತು. ಕರೆಂಟಿನದೇನೂ ತಪ್ಪಿಲ್ಲ. ಹಂಗಾದರೆ ಬಲ್ಬು ಕಡಿಮೆ ಮಾಡಿದರೆ ಉಳಿದವಕ್ಕೆ ಜಾಸ್ತಿ ಸಿಗಬಹುದು ಅಂತ ಒಂದನ್ನು ತಿರುಗಿಸಿ ಕಿತ್ತೆ. ಎಲ್ಲವೂ ಒಟ್ಟಿಗೇ ಆರಿಹೋದವು. ಮರಿಗಳ ಕೂಗು ಜೋರಾಯಿತು.

ಆಗ ತಲೆಗೆ ಹೊಳೆಯಿತು. ಹಜಾರದ ದೀಪ ಆರಿಸಿದರೆ ಅಡುಗೆಮನೆಯದು ಆರುತ್ತದಾ? ಇಲ್ಲ. ಇಲ್ಲಿ ಒಂದು ಕಿತ್ತರೆ ಎಲ್ಲ ಆರಿತು. ದನದ ಬಲ್ಬಿನ ಲೆಕ್ಕವನ್ನೇ ಮಾವ ಮರಿಗಳಿಗೂ ತಂದುಬಿಟ್ಟಿದ್ದಾರೆ! ಒಂದು ಬಲ್ಬು ದಾಟಿದ ಕರೆಂಟೇ ಮುಂದಿನದಕ್ಕೆ ಹೋಗಬೇಕು, ಎಲ್ಲಾದರೂ ತುಂಡಾದರೆ ದಾರಿಯೇ ಬಂದ್. ಬಲ್ಬು ಹೆಚ್ಚಿದಷ್ಟೂ ತಲಾ ಪಾಲು ಕಡಿಮೆ. ಹತ್ತನೇ ಕ್ಲಾಸಿನಲ್ಲಿ ಸರಣಿ, ಸಮಾಂತರ ಅಂತ ಎರಡು ಚಿತ್ರ ಬರೆದು ಅಂಕ ತಗೊಂಡವಳು ನಾನು. ಆ ಚಿತ್ರ ನಮ್ಮ ಕೊಟ್ಟಿಗೆಯಲ್ಲೇ ನೇತಾಡುತ್ತಿರುತ್ತದೆ ಅಂತ ಯಾರಿಗೆ ಗೊತ್ತಿತ್ತು?

“ಮಾವ, ಮೈನ್ ಆಫ್ ಮಾಡಿ. ಒಂದೊಂದಕ್ಕೂ ಬೇರೆ ಬೇರೆ ಕರೆಂಟು ಕೊಡಬೇಕು.”

“ಅಂಗೆ ಕೊಟ್ರೆ ಎಲ್ಲಾ ಸೇರಿ ಜಾಸ್ತಿ ಎಳ್ದು ಪ್ಯೂಸು ಓಯ್ತದೆ! ಬಲ್ಬೂ ಸುಟ್ಟೋಯ್ತವೆ!”

“ಎಳೀಲಿ! ಗ್ರೈಂಡರು ತಿರುಗೋ ಲೈನು ಇದು, ಐದು ಬಲ್ಬಿಗೆ ಹೋಗುತ್ತಾ ಪ್ಯೂಸು? ಸುಟ್ಟರೆ ಒಂದು ಬಲ್ಬು ಸುಡಲಿ, ಉಳಿದವು ಉರೀತವೆ. ನಿಮಗೆ ಬಲ್ಬು ಮುಖ್ಯಾನೋ ಮರಿ ಮುಖ್ಯಾನೋ?”

ಮದುವೆಯಾಗಿ ಬಂದ ಮೇಲೆ ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲು. ಅವರ ಮುಖ ಕಪ್ಪಿಟ್ಟಿತು. ಹೋಗಿ ಮೈನ್ ಆರಿಸಿದರು.

ಕುಡುಗೋಲಿನಲ್ಲಿ ವೈರು ಕತ್ತರಿಸಿ, ಹಲ್ಲಿನಲ್ಲಿ ಕಚ್ಚಿ ಸುಲಿದೆ. ಎರಡು ವೈರನ್ನು ಮೇಲಿನ ಬಿದಿರಿನ ಉದ್ದಕ್ಕೂ ಎಳೆದು, ಏಣಿಯ ಮೆಟ್ಟಿಲಿನ ಹಂಗೆ ನಡುನಡುವೆ ಬಲ್ಬು. ಪ್ರತಿ ಬಲ್ಬಿನ ಒಂದು ತುದಿ ಈ ವೈರಿಗೆ, ಇನ್ನೊಂದು ತುದಿ ಆ ವೈರಿಗೆ. ಮಾವ ಟಾರ್ಚು ಹಿಡಿದಿದ್ದರು, ಬೆಳಕು ಅಲ್ಲಾಡುತ್ತಿತ್ತು. “ಸರಿಯಾಗಿ ಹಿಡೀರಿ ಮಾವ,” ಅಂತ ಗದರಿದೆ. ಕತ್ತಲಲ್ಲಿ ಮರಿಗಳ ಕೂಗು ಸಣ್ಣಗಾಗುತ್ತಾ ಬಂತು. ಕೂಗಿದ್ದಕ್ಕಿಂತ ಅದೇ ನನಗೆ ಜಾಸ್ತಿ ಭಯ. ಬೆರಳು ಕುಯ್ದುಕೊಂಡಿದ್ದೂ ತಿಳಿಯಲಿಲ್ಲ. ಟೇಪು ಸುತ್ತಿ ಮುಗಿಸಿ, “ಹಾಕಿ!” ಎಂದು ಕಿರುಚಿದೆ.

ಐದೂ ಬಲ್ಬು ಭಗ್ಗನೆ ಹತ್ತಿಕೊಂಡವು. ಪ್ಯೂಸು ಹೋಗಲಿಲ್ಲ. ಮುಖಕ್ಕೆ ಕಾವು ಬಡಿಯಿತು. ಕೈಹಾಕಿ ಗುಡ್ಡೆ ಬಿಡಿಸಿದೆ. ಮೇಲಿನವು ತಲೆ ಎತ್ತಿದವು, ಒಂದೆರಡು ರೆಕ್ಕೆ ಕೊಡವಿದವು, ಮೆಲ್ಲಗೆ ಬೆಳಕಿನಡಿ ಹರಡಿಕೊಂಡವು. ತಳದಲ್ಲಿದ್ದವು ಏಳಲಿಲ್ಲ. ಚಪ್ಪಟೆಯಾಗಿ, ಇನ್ನೂ ಮೆತ್ತಗೆ ಇದ್ದವು. ಬೊಗಸೆ ತುಂಬಾ ಎತ್ತಿಕೊಂಡೆ.

ಅಷ್ಟರಲ್ಲಿ ಖಾಲಿ ಕ್ಯಾನು ಹಿಡಿದು ಅತ್ತೆ ಬಂದು ಬಾಗಿಲಲ್ಲಿ ನಿಂತರು. ನನ್ನ ಬೊಗಸೆ ನೋಡಿದರು. “ಸಾಯ್ಸ್ಬುಟ್ಟಾ? ನಾನೇನ್ ಏಳಿದ್ದೆ ನಿಂಗೆ?”

ಮುಗಿಯಿತು ಅಂದುಕೊಂಡೆ. ಮಾವ ಏನೂ ಅನ್ನುವುದಿಲ್ಲ ಅಂತ ಗೊತ್ತಿತ್ತು. ಊರ ಪಂಚಾಯ್ತಿಯಲ್ಲೂ ತಪ್ಪು ಒಪ್ಪಿಕೊಂಡ ಮನುಷ್ಯನಲ್ಲ ಅವರು.

“ಅವ್ಳನ್ಯಾಕೆ ಬೈತೀಯೆ?” ಅಂದರು ಮಾವ. “ಸಾಯ್ಸಿದ್ದು ನಾನು ಕಣೆ. ನಾನು ಕಟ್ಟಿದ್ ಬಲ್ಬು ಕಾವು ಕೊಡ್ನಿಲ್ಲ. ಉಳ್ದಿರೋವ್ನ ಉಳಿಸ್ದೋಳು ಅವ್ಳು. ನಾನು ಬೇಡಾಂದ್ರೂ ಕೇಳ್ನಿಲ್ಲ, ಸದ್ಯ.”

ಅತ್ತೆ ಕ್ಯಾನು ಕೆಳಗಿಟ್ಟು ತಗಡಿನೊಳಗೆ ಬಗ್ಗಿ ನೋಡಿದರು. ಆಮೇಲೆ ಮಾವನ ಕಡೆ ತಿರುಗಿ, “ನೀವು ಆಚೆ ನಡೀರಿ. ಇನ್ ಇಲ್ಲಿ ಏನಿದ್ರೂ ಅವ್ಳು ಏಳ್ದಂಗೆ,” ಅಂದರು.

ಗೆದ್ದೆ ಅಂತ ಒಂಚೂರೂ ಅನ್ನಿಸಲಿಲ್ಲ. ಬೊಗಸೆಯಲ್ಲಿ ಆ ಮರಿಗಳನ್ನು ಹಿಡಿದುಕೊಂಡೇ ಅತ್ತೆಯ ಮುಂದೆ ಗೊಳೋ ಅಂತ ಅತ್ತುಬಿಟ್ಟೆ.