ಒಂದನೇ ಸಾಲಿನ ಕಾಲೇಜು

ಮಂಗಳಾ, ನಾನು ನಿನಗೆ ಸುಳ್ಳು ಹೇಳಿದೆ. ನಾನು ಎಂ.ಡಿ. ಓದಿದ ಕಾಲೇಜಿನ ಬಗ್ಗೆ ಅವತ್ತು ನಿನ್ನ ಮುಂದೆ ಆಡಿದ ಒಂದೊಂದು ಮಾತೂ ಸುಳ್ಳು. ಗೊತ್ತಿಲ್ಲದೆ ಆಡಿದ್ದಲ್ಲ, ಯಾರದೋ ಮಾತು ನಂಬಿ ಆಡಿದ್ದೂ ಅಲ್ಲ — ಯೋಚಿಸಿ, ನಿನ್ನ ಮುಖ ನೋಡಿಕೊಂಡೇ ಆಡಿದ್ದು. ಆ ಸೀಟು ನಿನ್ನದಾಗಿತ್ತು.

ಒಂಬತ್ತು ವರ್ಷ ಇದನ್ನು ನುಂಗಿಕೊಂಡಿದ್ದೆ. ಇನ್ನೂ ನುಂಗಿಕೊಂಡೇ ಇರುತ್ತಿದ್ದೆನೋ ಏನೋ. ಮೊನ್ನೆ ಭಾನುವಾರ ನೊಣವಿನಕೆರೆಯ ನಿಮ್ಮ ಮನೆಗೆ ಊಟಕ್ಕೆ ಕರೆದೆಯಲ್ಲ, ಅಲ್ಲಿ ನಿನ್ನ ಅಕ್ಕನ ಮಗಳು ಸಿಂಚನಾ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದಳು. ಅವಳಿಗೂ ಎಂ.ಡಿ.ಗೆ ಮಕ್ಕಳ ವಿಭಾಗವೇ ಬೇಕಂತೆ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಮಾಡುತ್ತಿದ್ದಳು. ನೀನು ಅವಳ ಹೆಗಲ ಮೇಲೆ ಕೈಯಿಟ್ಟು, ನನ್ನ ಕಾಲೇಜಿನ ಹೆಸರು ತೋರಿಸಿ ಅಂದೆ — "ಇದನ್ನ ಕೆಳಕ್ಕೆ ತಳ್ಳು ಕಣೇ. ಅವತ್ತು ಇವಳು ಹೇಳ್ದೇ ಇದ್ದಿದ್ರೆ ನಾನೂ ಹೋಗಿ ಸಿಕ್ಕಾಕೋತಿದ್ದೆ. ಪಾಪ, ಇವಳ ರ‍್ಯಾಂಕಿಗೆ ಬೇರೆ ಸಿಗ್ಲಿಲ್ಲ, ಹೋಗಿ ಅನುಭವಿಸಿದ್ಲು."

ನಾನೇನು ಮಾಡಿದೆ ಗೊತ್ತೇ? ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಹೇಳುತ್ತೇನೆ, ಪೂರ್ತಿ ಹೇಳುತ್ತೇನೆ. ನಮ್ಮಿಬ್ಬರಿಗೂ ಪೀಡಿಯಾಟ್ರಿಕ್ಸೇ ಬೇಕಿತ್ತು, ಇಬ್ಬರಿಗೂ ಅದೇ ಕಾಲೇಜು ಬೇಕಿತ್ತು. ಅಲ್ಲಿ ನಮ್ಮ ಪಾಲಿಗೆ ಉಳಿದಿದ್ದು ಒಂದೇ ಸೀಟು. ರ‍್ಯಾಂಕಿನಲ್ಲಿ ನೀನು ನನಗಿಂತ ಮುಂದೆ. ಮುಂದಿದ್ದವರ ಪಟ್ಟಿಯನ್ನು ಮೊದಲು ನೋಡುತ್ತಾರೆ. ಪಟ್ಟಿಯ ಮೇಲಿನಿಂದ ನೋಡುತ್ತ ಮೊದಲು ಯಾವ ಕಾಲೇಜಿನಲ್ಲಿ ಸೀಟು ಖಾಲಿಯಿದೆಯೋ ಅದನ್ನು ಕೊಟ್ಟುಬಿಡುತ್ತಾರೆ. ನೀನು ಅದನ್ನು ಒಂದನೇ ಸಾಲಿನಲ್ಲಿ ಬರೆದರೆ ನನ್ನ ಕಥೆ ಮುಗಿಯಿತು. ನೀನು ಬರೆದೂ ಆಗಿತ್ತು — ತಿಪಟೂರಿನ ನಮ್ಮ ಮನೆಯಲ್ಲಿ, ಕೆಳಗೆ ಅಪ್ಪನ ಕೊಬ್ಬರಿ ಮಂಡಿ, ಮೇಲೆ ನಾವಿಬ್ಬರು, ನಡುವೆ ನಿನ್ನ ಬಿಳಿ ಹಾಳೆ. ಪೆನ್ಸಿಲಿನಲ್ಲಿ ನೀನು ಬರೆದಿದ್ದೆ.

ಅಪ್ಪ ಮಾರ್ಕೆಟ್ಟಿನಲ್ಲಿ ಕೊಬ್ಬರಿ ನೋಡುವುದನ್ನು ನಾನು ಚಿಕ್ಕಂದಿನಿಂದ ನೋಡಿದವಳು. ಒಳ್ಳೆಯ ಮಾಲು ಕಣ್ಣಿಗೆ ಬಿದ್ದರೆ ಒಂದು ಉಂಡೆ ಒಡೆದು, ಮೂಸಿ, ಮುಖ ಸಿಂಡರಿಸಿ "ಕಮಟು" ಎಂದು ರಾಶಿಗೆ ಎಸೆಯುತ್ತಿದ್ದರು. ಎಷ್ಟೋ ಸಲ ಪಕ್ಕದ ವ್ಯಾಪಾರಿಗಳು ಕೈಬಿಟ್ಟು ಮುಂದೆ ಹೋಗುತ್ತಿದ್ದರು. ಆಮೇಲೆ ಅಪ್ಪ ಅದೇ ರಾಶಿಗೆ ಚೀಟಿಯಲ್ಲಿ ಬೆಲೆ ಬರೆದು ಕೊಳ್ಳುತ್ತಿದ್ದರು. "ಬೇಕಾದ ಮಾಲ್ನ ಹೊಗಳ್ಬಾರ್ದು ಕಣವ್ವಾ, ಹೊಗಳಿದ್ರೆ ನಾಕು ಜನ ಮುಗಿಬೀಳ್ತಾರೆ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅವತ್ತು ನಾನೂ ಮುಖ ಸಿಂಡರಿಸಿದೆ. "ಬೇಡ ಬುಡು ಮಂಗಳಾ. ಅಲ್ಲಿ ಪೀಜಿಗಳಿಗೆ ಮಗು ಮುಟ್ಟಕ್ಕೇ ಬಿಡಲ್ವಂತೆ. ಎರಡು ವರ್ಷ ಬರೀ ಕೇಸ್ ಶೀಟ್ ಬರೆಸ್ತಾರಂತೆ. ಒಬ್ಬಳು ಸೀನಿಯರ್ ಅತ್ಕೊಂಡು ಬಿಟ್ಟು ಬಂದಳಂತೆ."

ಅಂಥ ಸೀನಿಯರ್ ಯಾರೂ ಇರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ಸಿಕ್ಕ ಸೀನಿಯರ್ ನನಗೆ ಹೇಳಿದ್ದು ಇದರ ತದ್ವಿರುದ್ಧ — ಮೊದಲನೇ ವಾರದಿಂದಲೇ ನವಜಾತ ಶಿಶುಗಳನ್ನು ಕೈಗೆ ಕೊಡುತ್ತಾರೆ, ಕೈ ಪಳಗಬೇಕಾದರೆ ಅಲ್ಲಿಗೇ ಹೋಗು ಎಂದು. ನೀನು ಒಂದು ನಿಮಿಷವೂ ಅನುಮಾನ ಪಡಲಿಲ್ಲ. ರಬ್ಬರ್ ತೆಗೆದುಕೊಂಡು ಒಂದನೇ ಸಾಲನ್ನು ಅಳಿಸಿದೆ, ಆ ಕಾಲೇಜನ್ನು ಒಂಬತ್ತನೇ ಸಾಲಿನಲ್ಲಿ ಬರೆದೆ. ಹಾಳೆಯ ಮೇಲೆ ಉಳಿದ ರಬ್ಬರಿನ ಪುಡಿಯನ್ನು ಊದಿದ್ದು ನಾನು.

ನಿನಗೆ ದೂರದ ಕಾಲೇಜು ಸಿಕ್ಕಿತು. ಹೆರಿಗೆಗಳೇ ಕಡಿಮೆ ಇದ್ದ ಆಸ್ಪತ್ರೆ, ನಾಲ್ಕು ತೊಟ್ಟಿಲ ಶಿಶು ಘಟಕ, ಅದಕ್ಕೂ ಅರ್ಧ ಕಾಲ ಬೀಗ. ಮೂರು ವರ್ಷ ನೀನು ಬರೆದದ್ದು ಕೇಸ್ ಶೀಟು! ನಾನು ಕಟ್ಟಿದ ಸುಳ್ಳು ನಿನ್ನ ತಲೆಯ ಮೇಲೆಯೇ ನಿಜವಾಯಿತು, ಮತ್ತು ನೀನು — ನೀನು ನನಗೆ ಫೋನ್ ಮಾಡಿ, "ಅಲ್ಲಿ ನಿಂಗೆ ಇನ್ನೂ ಕಷ್ಟ ಅಲ್ವೇನೇ?" ಎಂದು ಕೇಳುತ್ತಿದ್ದೆ.

ಇಂಟರ್ನ್‌ಶಿಪ್ಪಿನಲ್ಲಿ ಕೈ ಎಂದರೆ ನಿನ್ನದು. ಅಂಗೈಯಷ್ಟು ಮಗುವಿಗೆ ನಾವೆಲ್ಲ ಸೂಜಿ ಹಿಡಿದು ಬೆವರುತ್ತಿದ್ದಾಗ, ನೀನು ಬಂದು ಒಂದೇ ಸಲಕ್ಕೆ ನರ ಹುಡುಕುತ್ತಿದ್ದೆ. ಸಿಸ್ಟರ್‌ಗಳು ನಿನ್ನನ್ನೇ ಕರೆಯುತ್ತಿದ್ದರು. ಈಗ ನಿನಗೆ ತುರುವೇಕೆರೆಯಲ್ಲಿ ಕ್ಲಿನಿಕ್, ಶೀತ, ಕೆಮ್ಮು, ಲಸಿಕೆ. ತೂಕ ಕಡಿಮೆಯ ಕೂಸು ಬಂದರೆ ಚೀಟಿ ಬರೆದು ತಿಪಟೂರಿಗೆ, ನನ್ನ ಹತ್ತಿರ ಕಳಿಸುತ್ತೀಯ. ಹೋದ ತಿಂಗಳು ಫೋನಿನಲ್ಲಿ ಅಂದೆಯಲ್ಲ — "ಅಷ್ಟು ಚಿಕ್ಕ ಮಗು ನನ್ನ ಕೈಗೆ ಒಗ್ಗಲ್ಲ ಕಣೇ. ಮೊದಲಿಂದ್ಲೂ ನಂಗೆ ಬತ್ತಿರ್ಲಿಲ್ಲ ಅನ್ಸುತ್ತೆ."

ಮೊದಲಿಂದಲೂ! ಅದನ್ನು ಕೇಳಿದಾಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಸೀಟು ತೆಗೆದುಕೊಂಡದ್ದು ಸಾಲದು ಎಂದು ನಿನ್ನ ಕೈಯ ನೆನಪನ್ನೂ ತೆಗೆದುಕೊಂಡೆ.

ನಿನ್ನ ಮೇಲೂ ಸಿಟ್ಟು ಬರುತ್ತದೆ. ಬೇರೆ ಯಾರಿಗಾದರೂ ಒಂದು ಫೋನ್ ಮಾಡಿ ವಿಚಾರಿಸಬಾರದಿತ್ತೇ? — ಛೀ, ಗೆಳತಿಯನ್ನು ನಂಬಿದವಳ ಮೇಲೆ ಸಿಟ್ಟಾಗುವಷ್ಟು ಕೀಳಾಗಿದ್ದೇನೆ ನೋಡು. ಅಪ್ಪನ ಮೇಲೆ ಹೊರಿಸೋಣವೆಂದರೆ ಅಪ್ಪ ಮಾಡಿದ್ದು ಕೊಬ್ಬರಿಗೆ. ಅವರ ಪಕ್ಕದಲ್ಲಿ ನಿಂತವರಿಗೆ ಆ ಆಟ ಗೊತ್ತಿತ್ತು, ಅವರೂ ಅದನ್ನೇ ಆಡುತ್ತಿದ್ದರು. ನಿನಗೆ ನಾವು ಆಟ ಆಡುತ್ತಿದ್ದೇವೆ ಎನ್ನುವುದೇ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಸಿಂಚನಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಚಿಕ್ಕಮ್ಮಂಗೆ ಗೊತ್ತಾ ಆಂಟಿ?" ಇಲ್ಲವೆಂದೆ. "ನೀವೇ ಹೇಳಿ. ಅವರು ಹೇಳೋವರ್ಗೂ ನಾನು ಪಟ್ಟಿ ಮುಟ್ಟಲ್ಲ." ಇಪ್ಪತ್ತನಾಲ್ಕರ ಹುಡುಗಿಗೆ ಇರುವ ಮರ್ಯಾದೆ ಆ ವಯಸ್ಸಿನಲ್ಲಿ ನನಗಿರಲಿಲ್ಲ.

ನಾಳೆ ಸಂಜೆ ಐದಕ್ಕೆ ಪಟ್ಟಿ ಲಾಕ್ ಆಗುತ್ತದೆ, ಆಮೇಲೆ ತಿದ್ದಲು ಬರುವುದಿಲ್ಲ. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ, ಇವತ್ತು ಮಧ್ಯಾಹ್ನದ ಬಸ್ಸಿಗೆ ನಿನ್ನ ಕ್ಲಿನಿಕ್ಕಿಗೆ ನಾನೇ ತರುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೂ ನಿನ್ನೆದುರು ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಬಾಗಿಲು ತೋರಿಸಿದರೆ ಎದ್ದು ಹೋಗುತ್ತೇನೆ. ಅದಕ್ಕೆ ಮೊದಲು ಸಿಂಚನಾಗೆ ಒಂದು ಫೋನ್ ಮಾಡು, ಆ ಕಾಲೇಜನ್ನು ಒಂದನೇ ಸಾಲಿನಲ್ಲಿ ಹಾಕಿಸು. ಯಾಕೆ ಎಂದು ಮನೆಯವರು ಕೇಳಿದರೆ ನನ್ನ ಹೆಸರು ಹೇಳು.